ತೈಮ್‌ಹೋತೆಪ್: ಕಲ್ಲಿನಲ್ಲಿ ಉಳಿದ ಅಳಲು

ಈಜಿಪ್ಟ್ ಎಂದೊಡನೆ ಪಿರಮಿಡ್ಡುಗಳು ನೆನಪಾಗುತ್ತವೆ, ರಾಜರು ನೆನಪಾಗುತ್ತಾರೆ. ಇಂದು ಹೇಳಹೊರಟಿರುವುದು ಗುಡಿಯ ಮನೆತನದ ಒಬ್ಬ ಹೆಣ್ಣುಮಗಳ ಕಥೆ. ಹೆಸರು ತೈಮ್‌ಹೋತೆಪ್. ಆಕೆಯ ಸ್ಮಾರಕದ ಸುಣ್ಣಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಆಕೆಯ ಬದುಕೆಲ್ಲ ಆಕೆಯ ಬಾಯಲ್ಲೇ ಹೇಳಿಸಿದಂತೆ ಕೆತ್ತಲಾಗಿದೆ.

ಆಕೆ ಹುಟ್ಟಿದ್ದು ಕ್ರಿ.ಪೂ. 73ರಲ್ಲಿ. ಈಗಿನ ಕೈರೋ ನಗರದ ದಕ್ಷಿಣಕ್ಕಿದ್ದ ಮೆಂಫಿಸ್ ಪಟ್ಟಣದಲ್ಲಿ 'ಪ್ತಾ' ಎಂಬ ದೇವರ ದೊಡ್ಡ ಗುಡಿಯಿತ್ತು. ಆಗ ಆಳುತ್ತಿದ್ದವರು ಗ್ರೀಕ್ ಮೂಲದ ಟಾಲೆಮಿ ವಂಶದವರು. ಅರಮನೆಯ ಭಾಷೆ ಗ್ರೀಕ್, ಗುಡಿಯ ಭಾಷೆ ಈಜಿಪ್ಟಿನದು. ಆದರೂ ರಾಜನ ತಲೆಗೆ ಕಿರೀಟ ಇಡುವುದಕ್ಕೆ ಮೆಂಫಿಸಿನ ಮಹಾಪುರೋಹಿತನೇ ಬೇಕು! ಕ್ಲಿಯೋಪಾತ್ರಳ ತಂದೆ 12ನೆಯ ಟಾಲೆಮಿಗೆ ಹೀಗೆ ಕಿರೀಟವಿಟ್ಟವನು ಪ್ಶೆರೆನ್‌ಪ್ತಾ. ಆಗ ಅವನಿಗೆ ಬರೀ 14 ವರ್ಷ. ಕ್ರಿ.ಪೂ. 58ರಲ್ಲಿ ತೈಮ್‌ಹೋತೆಪಳನ್ನು ಅವಳ ತಂದೆ ಇವನಿಗೆ ಮದುವೆ ಮಾಡಿಕೊಟ್ಟ. ಹುಡುಗಿಗೂ 14. ಗಂಡ ಆಗಲೇ ಮೂವತ್ತು ದಾಟಿದವನು.

ಹುಟ್ಟಿದ ಮೂರೂ ಹೆಣ್ಣು. ಮಹಾಪುರೋಹಿತನ ಪೀಠಕ್ಕೆ ಗಂಡು ಬೇಕು. ದಂಪತಿಗಳು ಇಮ್‌ಹೋತೆಪನಿಗೆ ಮೊರೆಹೊಕ್ಕರು. ಈತ ಯಾರೆಂದರೆ, ಅವರಿಗಿಂತ ಎರಡೂವರೆ ಸಾವಿರ ವರ್ಷ ಹಿಂದೆ ಜೋಸರ್ ರಾಜನ ಮೆಟ್ಟಿಲು ಪಿರಮಿಡ್ಡಿನ ಕೆಲಸದೊಂದಿಗೆ ಹೆಸರು ಪಡೆದವನು. ಆಮೇಲೆ ಜನರ ಪಾಲಿಗೆ ದೇವರೇ ಆದವನು. ಅವನು ಕನಸಿನಲ್ಲಿ ಬಂದು ಗುಡಿಯ ಕೆಲಸ ಮಾಡಿಸು ಎಂದನಂತೆ. ಪುರೋಹಿತ ಮಾಡಿಸಿದ. ಕ್ರಿ.ಪೂ. 46ರಲ್ಲಿ ಗಂಡು ಮಗು ಹುಟ್ಟಿತು. ಹರಕೆ ತೀರಿಸಿದ ದೇವರ ಹೆಸರನ್ನೇ ಮಗುವಿಗಿಟ್ಟರು.

ನಾಲ್ಕೇ ವರ್ಷ. ಕ್ರಿ.ಪೂ. 42ರಲ್ಲಿ, 30 ವರ್ಷ ತುಂಬಿದ ಕೆಲವೇ ತಿಂಗಳಲ್ಲಿ, ತಾಯಿ ತೀರಿಕೊಂಡಳು.

ಸತ್ತವರಿಗೆ ಸೊಗಸಾದ ಲೋಕ ಕಾದಿದೆಯೆಂದು ಈಜಿಪ್ಟಿನವರು ನಂಬಿದ್ದರೆಂದು ನಾವು ಓದಿದ್ದೇವೆ. ಈ ಕಲ್ಲು ಹಾಗೆ ಹೇಳುವುದಿಲ್ಲ. ಅಲ್ಲಿ ಬರೀ ಕತ್ತಲೆ. ಮಲಗಿದವರು ಹೆತ್ತವರನ್ನೂ ಮಕ್ಕಳನ್ನೂ ಕಾಣಲಾರರು. ಪಕ್ಕದಲ್ಲೇ ನೀರಿದ್ದರೂ ನನಗೆ ಬಾಯಾರಿಕೆ ಎನ್ನುತ್ತಾಳೆ ಆಕೆ. ಬದುಕಿರುವಾಗ ಉಣ್ಣು, ಕುಡಿ, ಮನಸ್ಸಿಗೆ ಹಿಡಿದಂತೆ ಇರು ಎಂದು ಗಂಡನಿಗೆ ಬುದ್ಧಿ ಹೇಳುತ್ತಾಳೆ. ಮಾತು ಜೋಡಿಸಿದವರು ಗುಡಿಯ ಲಿಪಿಕಾರರೇ ಇರಬೇಕು, ನಿಜ. ಆದರೆ ಪುರೋಹಿತರ ಮನೆಯ ಕಲ್ಲಿನಲ್ಲೇ ಇಂಥ ಮಾತು ಬಂದಿರುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಗಂಡ ಮರುವರ್ಷವೇ ತೀರಿಕೊಂಡ. ಹರಕೆಯ ಮಗ 7ನೆಯ ವಯಸ್ಸಿಗೆ ಮಹಾಪುರೋಹಿತನಾದ. ಕ್ರಿ.ಪೂ. 30ರಲ್ಲಿ ರೋಮನ್ನರು ಈಜಿಪ್ಟನ್ನು ಗೆದ್ದರು. ಅದೇ ವರ್ಷ ಆ ಹುಡುಗನೂ ಸತ್ತ. ಅವನಿಗೆ 16.