ಪ್ರಹೇಳಿಕೆಯೂ ಆಂಗ್ಲರ ಗೂಢಪದಬಂಧವೂ

ಪದಬಂಧವೆಂಬುದು ದಿನಪತ್ರಿಕೆಯನ್ನೋದಿ ಮುಗಿಸಿದವರ ಕಾಲಹರಣಕ್ಕಾಗಿ ಹುಟ್ಟಿದ ಆಟವೆಂದು ವಿದ್ವಾಂಸರು ಅದನ್ನು ಉಪೇಕ್ಷಿಸುವುದುಂಟು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಆದರೆ ಆಂಗ್ಲರು ಬೆಳೆಯಿಸಿದ ಗೂಢಪದಬಂಧದ ಚರಿತ್ರೆಯನ್ನು ನೋಡಿದರೆ, ನಮ್ಮ ಆಲಂಕಾರಿಕರು ಪ್ರಹೇಳಿಕೆಯ ವಿಷಯದಲ್ಲಿ ಎದುರಿಸಿದ ಪ್ರಶ್ನೆಯೇ ಅಲ್ಲಿಯೂ ಎದ್ದುದು ಕಂಡುಬರುತ್ತದೆ: ಅರ್ಥವನ್ನು ಬೇಕೆಂದೇ ಮರೆಸುವವನು ಓದುವವನಿಗೆ ಏನಾದರೂ ಋಣಿಯೆ?

ಪದಬಂಧವು ಮೊದಲು ಪ್ರಕಟವಾದುದು ಕ್ರಿ. ಶ. 1913ನೆಯ ಇಸವಿ ಡಿಸೆಂಬರ್ 21ರಂದು, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ರಚಿಸಿದವನು ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್. ಅದರ ಸೂಚನೆಗಳು ನಿಘಂಟಿನ ಅರ್ಥದಂತೆ ನೇರವಾದುವು. ಇಂಗ್ಲೆಂಡಿಗೆ ಬಂದ ಮೇಲೆ ಈ ಆಟದ ಸ್ವಭಾವವೇ ಬದಲಾಯಿತು. ಬದಲಾಯಿಸಿದವರಲ್ಲಿ ಅಗ್ರಗಣ್ಯನು ಎಡ್ವರ್ಡ್ ಪೋಯಿಸ್ ಮೇದರ್ಸ್ (1892–1939). ಈತನು 1926ರಿಂದ ಸಾಯುವವರೆಗೆ 'ಅಬ್ಸರ್ವರ್' ಪತ್ರಿಕೆಗೆ ಪದಬಂಧಗಳನ್ನು ಬರೆದನು. ಸ್ಪೇನ್ ದೇಶದ ಮತವಿಚಾರಣಾಧಿಪತಿಯಾಗಿ ಚಿತ್ರಹಿಂಸೆಗೆ ಕುಖ್ಯಾತನಾದ ಟೊರ್ಕೆಮಾಡನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡುದರಿಂದ, ಬಿಡಿಸುವವರನ್ನು ಎಷ್ಟು ಕರುಣೆಯಿಂದ ನೋಡುತ್ತಿದ್ದನೆಂಬುದನ್ನು ವಾಚಕರು ಊಹಿಸಬಹುದು.

ಇಲ್ಲಿ ಕನ್ನಡನಾಡಿನವರು ಗಮನಿಸಬೇಕಾದ ಸಂಗತಿಯೊಂದುಂಟು. ಇದೇ ಮೇದರ್ಸನು 1919ರಲ್ಲಿ 'ಚೌರಪಂಚಾಶಿಕೆ'ಯನ್ನು 'ಕರಿಯ ಚೆಂಡುಹೂಗಳು' ಎಂಬರ್ಥದ ಹೆಸರಿನಿಂದ ಸ್ವತಂತ್ರವಾಗಿ ಇಂಗ್ಲಿಷಿಗೆ ತಂದನು. ಆ ಕಾವ್ಯದ ಕರ್ತೃತ್ವವು ವಿವಾದಗ್ರಸ್ತವಾದರೂ, ಸಂಪ್ರದಾಯವು ಹೇಳುವುದು ಬಿಲ್ಹಣನ ಹೆಸರನ್ನೇ. ಬಿಲ್ಹಣನಾದರೋ ಕಾಶ್ಮೀರದಿಂದ ಹೊರಟು, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ ನೆಲಸಿ, 'ವಿಕ್ರಮಾಂಕದೇವಚರಿತ'ವನ್ನು ಬರೆದವನು. ಇದರಿಂದ ಮೇದರ್ಸನು ಗೂಢೋಕ್ತಿಯನ್ನು ನಮ್ಮಿಂದ ಕಲಿತನೆಂದು ಸಾಧಿಸಹೊರಡುವುದು ದುಸ್ಸಾಹಸ. ಚೌರಪಂಚಾಶಿಕೆಯಲ್ಲಿ ಒಗಟಿಲ್ಲ, ಇರುವುದು ಪ್ರಿಯೆಯ ಸ್ಮರಣೆ. ಒಗಟು ಕಟ್ಟುವವನಿಗೆ ಕಾವ್ಯಹೃದಯವಿರಲಾರದೆಂಬ ಮಾತಿಗೆ ಮಾತ್ರ ಈತನು ಪ್ರತ್ಯುದಾಹರಣೆ.

ಗೂಢಸೂಚನೆಯ ಕ್ರಮವನ್ನು ತಿಳಿಯಲು ಕನ್ನಡದಲ್ಲೇ ಒಂದನ್ನು ಕಟ್ಟಿ ನೋಡೋಣ. 'ತಲೆಯಿಲ್ಲದ ನಗರ ವಿಷ'; ಉತ್ತರವು ಎರಡಕ್ಷರ. ಮೇಲುನೋಟಕ್ಕೆ ಇದು ಒಡೆಯನಿಲ್ಲದ ಊರನ್ನು ಕುರಿತ ನೀತಿವಾಕ್ಯ. ಬಿಡಿಸುವವನು ಆ ವಾಕ್ಯವನ್ನು ಮುರಿಯಬೇಕು. 'ನಗರ'ವೆಂಬ ಪದದ ತಲೆಯಾದ 'ನ'ಕಾರವನ್ನು ತೆಗೆದರೆ ಉಳಿಯುವುದು 'ಗರ', ಗರವೆಂದರೆ ವಿಷ. ಅರ್ಥವೊಂದು, ಅಕ್ಷರಗಳ ದಾರಿಯೊಂದು. ಎರಡೂ ಒಂದೇ ಪದದಲ್ಲಿ ಬಂದು ಸೇರುತ್ತವೆ. ಈ ಕೌಶಲವು ನಮಗೆ ಹೊಸದಲ್ಲ. ಬಾಣನು 'ಕಾದಂಬರಿ'ಯಲ್ಲಿ ಶೂದ್ರಕನ ವಿನೋದಗಳನ್ನು ಹೇಳುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಪ್ರಹೇಳಿಕೆಗಳನ್ನು ಹೆಸರಿಸಿರುವನಷ್ಟೆ.

ದಂಡಿಯ ಉದಾಹರಣೆಯೊಂದು ಇನ್ನೂ ಹತ್ತಿರವಾದುದು. 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದದಲ್ಲಿ, ಸಂಖ್ಯಾತಾ ಎಂಬ ಪ್ರಹೇಳಿಕೆಗೆ, ನಡುವೆ ನಾಸಿಕ್ಯವುಳ್ಳ, ಸುತ್ತಲೂ ನಾಲ್ಕು ವರ್ಣಗಳಿಂದ ಶೋಭಿಸುವ, ಎಂಟು ವರ್ಣಗಳ ಹೆಸರಿನ ಅರಸರುಳ್ಳ ಪುರವೊಂದನ್ನು ವರ್ಣಿಸುತ್ತಾನೆ. ವರ್ಣವೆಂದೊಡನೆ ಕೇಳುವವನ ಮನಸ್ಸು ಜಾತಿಗಳ ಕಡೆಗೆ ಹರಿಯುತ್ತದೆ. ಕವಿಯು ಹೇಳಿದ್ದು ಅಕ್ಷರಗಳನ್ನು: ಕ್, ಆ, ಞ್, ಚ್, ಈ — ನಡುವೆ ಅನುನಾಸಿಕ, ಎರಡು ಕಡೆಗೂ ಎರಡೆರಡು; ಪುರವು ಕಾಂಚಿ. ಅರಸರು 'ಪಲ್ಲವಾಃ'; ವಿಸರ್ಗವೂ ಸೇರಿ ವರ್ಣಗಳು ಎಂಟು. ಒಂದು ವರ್ಣವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಭಾಮಹನಿಗೆ ಇಂಥವು ರುಚಿಸಲಿಲ್ಲ. ಕಾವ್ಯವೂ ಶಾಸ್ತ್ರದಂತೆ ವ್ಯಾಖ್ಯಾನದಿಂದಲೇ ತಿಳಿಯಬೇಕಾದರೆ ಬುದ್ಧಿವಂತರಿಗೆ ಹಬ್ಬ, ಉಳಿದವರು ಕೆಟ್ಟರು ಎಂಬುದು ಅವನ ಆಕ್ಷೇಪ. ಭಟ್ಟಿಯಾದರೋ ಅದನ್ನೇ ತನ್ನ ಕಾವ್ಯಕ್ಕೆ ಹೆಮ್ಮೆಯಾಗಿ ಹೇಳಿಕೊಂಡನು. ನನಗೆ ತೋರುವಂತೆ ಇಬ್ಬರೂ ಕಠಿನತೆಯನ್ನೇ ನೋಡಿದರು. ದಂಡಿಯು ನೋಡಿದ್ದು ಬೇರೆ. ಪೂರ್ವಾಚಾರ್ಯರು ಹದಿನಾರು ಪ್ರಹೇಳಿಕೆಗಳನ್ನೂ, ಬೇರೆ ಹದಿನಾಲ್ಕು ದುಷ್ಟಪ್ರಹೇಳಿಕೆಗಳನ್ನೂ ಹೇಳಿದ್ದರೆಂದು ತಿಳಿಸಿ, ದೋಷಗಳಿಗೆ ಎಣಿಕೆಯಿಲ್ಲವಾದ್ದರಿಂದ ಒಳ್ಳೆಯವನ್ನು ಮಾತ್ರ ಹೇಳುವೆನೆಂದೂ, ಲಕ್ಷಣವಿಲ್ಲದವೇ ದುಷ್ಟವೆಂದೂ ಆತನು ನಿರ್ಣಯಿಸಿದನು. ಕಠಿನತೆಯು ದೋಷವಲ್ಲ, ಲಕ್ಷಣಹೀನತೆಯೇ ದೋಷ.

ಆಂಗ್ಲರು ಈ ನಿರ್ಣಯಕ್ಕೆ ತಮ್ಮ ದಾರಿಯಿಂದಲೇ ಬಂದರು. ಟೊರ್ಕೆಮಾಡನ ಸೂಚನೆಗಳಲ್ಲಿ ಪ್ರತಿಭೆಯಿದ್ದಷ್ಟು ಕಟ್ಟುನಿಟ್ಟು ಇರಲಿಲ್ಲ. ಎ. ಎಫ್. ರಿಚಿ ಎಂಬ ಪಾದ್ರಿಯು, ತನ್ನ ಹೆಸರಿನ ಮೊದಲಕ್ಷರಗಳಿಂದಲೇ ಭೂತವಾಚಕವಾದ 'ಅಫ್ರೀತ್' ಎಂಬ ಅಂಕಿತವನ್ನು ಮಾಡಿಕೊಂಡವನು, 1949ರ ತನ್ನ ಪುಸ್ತಕದಲ್ಲಿ ಒಂದು ನಿಯಮವನ್ನಿಟ್ಟನು: ಪದಬಂಧಕಾರನು ಆಡಿದ ಮಾತಿನ ಮೇಲರ್ಥವು ಅವನ ಅಭಿಪ್ರಾಯವಾಗಬೇಕಾದುದಿಲ್ಲ, ಆದರೆ ಅವನ ಅಭಿಪ್ರಾಯವು ಆ ಮಾತಿನಲ್ಲಿ ಇರಲೇಬೇಕು. ಮೇದರ್ಸನ ತರುವಾಯ 'ಅಬ್ಸರ್ವರ್' ಪತ್ರಿಕೆಯ ಪದಬಂಧವನ್ನು ವಹಿಸಿದ ಡಿ. ಎಸ್. ಮ್ಯಾಕ್ನಟ್ (1902–1971) ಗ್ರೀಕ್ ಲ್ಯಾಟಿನ್‌ಗಳ ಉಪಾಧ್ಯಾಯನು. ಅಂಕಿತ 'ಕ್ಸಿಮೆನೆಸ್', ಇವನೂ ಮತವಿಚಾರಣಾಧಿಪತಿಯೇ. 1966ರಲ್ಲಿ ಈತನು ಬರೆದ ಗ್ರಂಥವನ್ನು ಪದಬಂಧಕ್ಕೆ ಲಕ್ಷಣಗ್ರಂಥವೆನ್ನಬಹುದು. 1972ರಲ್ಲಿ ಆ ಸ್ಥಾನಕ್ಕೆ ಬಂದ 'ಅಝೆಡ್' (ಡೆಝಾ ಎಂಬ ಮತ್ತೊಬ್ಬ ವಿಚಾರಣಾಧಿಪತಿಯ ಹೆಸರಿನ ರೋಮನ್ ಅಕ್ಷರಗಳನ್ನು ತಿರುಗಿಸಿದುದು) ಆ ಸಿದ್ಧಾಂತವನ್ನು ಸೂತ್ರಪ್ರಾಯವಾಗಿ ಸಂಗ್ರಹಿಸಿದನು: ನಿಷ್ಕೃಷ್ಟವಾದ ಅರ್ಥ, ನ್ಯಾಯವಾದ ಪದಚಮತ್ಕಾರ, ಬೇರೇನೂ ಇಲ್ಲ. 'ತಲೆಯಿಲ್ಲದ ನಗರ ಸುಂದರವಾದ ವಿಷ' ಎಂದಿದ್ದರೆ, ಆ 'ಸುಂದರ'ಕ್ಕೆ ಕೆಲಸವಿಲ್ಲದ್ದರಿಂದ ಈ ಸೂತ್ರದಂತೆ ಅದು ದುಷ್ಟ.

ಕ್ಸಿಮೆನೆಸನೂ ಅಝೆಡನೂ ವಾಚಕರಿಂದ ಸೂಚನೆಗಳನ್ನು ಬರೆಯಿಸಿ ಸ್ಪರ್ಧೆ ನಡೆಸಿ, ಗುಣದೋಷವಿವೇಚನೆಯ ಚೀಟಿಗಳನ್ನು ಅಚ್ಚುಹಾಕಿಸಿ ಕಳುಹಿಸುತ್ತಿದ್ದರು. ನಮ್ಮ ಪೂರ್ವಾಚಾರ್ಯರ ಹದಿನಾಲ್ಕು ದುಷ್ಟಪ್ರಹೇಳಿಕೆಗಳಿಗೆ ದಂಡಿಯಲ್ಲಿ ಉದಾಹರಣೆಯಿಲ್ಲ; ಇವರ ಚೀಟಿಗಳಲ್ಲಿ ದುಷ್ಟವಾದುವೂ ಕಾರಣಸಹಿತವಾಗಿ ಉಳಿದಿವೆ.