ಹೋದೆಯೋ, ಹೋಗಿದ್ದೆಯೋ?

‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ.’ ಬೆಂಗಳೂರಿನ ಯಾವ ಆಫೀಸಿನಲ್ಲಾದರೂ ಸೋಮವಾರ ಕಾಫಿ ಹೊತ್ತಿಗೆ ಕಿವಿಗೊಟ್ಟು ನಿಲ್ಲಿ, ಈ ವಾಕ್ಯವೋ ಇದರ ದಾಯಾದಿಯೋ ಕೇಳಿಸುತ್ತದೆ. ಹ್ಯಾಡ್ ಕಾಲ್ಡ್, ಹ್ಯಾಡ್ ಈಟನ್, ಹ್ಯಾಡ್ ಸೆಂಟ್. ‘ವೆಂಟ್’ ಎಂದರೆ ಸಾಕಲ್ಲ, ಈ ಹ್ಯಾಡ್ ಯಾಕೆ ಎಂದು ಇಂಗ್ಲಿಷ್ ಮೇಷ್ಟರು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಾರೆ. ಅವರು ಹೇಳುವುದು ಸರಿಯೇ. ಆದರೆ ಆ ಹ್ಯಾಡ್‌ನ ಮೂಲ ಹುಡುಕುತ್ತ ಹೋದರೆ ಸಿಗುವುದು ಅಚ್ಚುಕಟ್ಟಾದ ಕನ್ನಡ.

‘ಏನು, ನಿನ್ನೆ ಕಾಣಲೇ ಇಲ್ಲ?’ ಎಂದು ಯಾರಾದರೂ ಕೇಳಿದರೆ ‘ಮೈಸೂರಿಗೆ ಹೋಗಿದ್ದೆ’ ಎನ್ನುತ್ತೇವೆ. ಅದರ ಬದಲು ‘ಮೈಸೂರಿಗೆ ಹೋದೆ’ ಎಂದು ನಿಲ್ಲಿಸಿ ನೋಡಿ, ಕೇಳಿದವರು ‘ಹ್ಞೂಂ, ಆಮೇಲೆ?’ ಎಂದು ಮುಖ ನೋಡುತ್ತಾರೆ. ‘ಹೋದೆ’ ಕಥೆಯ ನಡುವಿನ ಒಂದು ಹೆಜ್ಜೆ. ‘ಹೋಗಿದ್ದೆ’ ಎಂದರೆ ಹೋಗಿದ್ದೂ ಆಯಿತು, ಬಂದದ್ದೂ ಆಯಿತು. ‘ಹೋಗಿ’ಗೆ ‘ಇದ್ದೆ’ ಕೂಡಿದೊಡನೆ ಅನುಭವಕ್ಕೆ ಅಂಚು ಹೊಲಿದಂತಾಗುತ್ತದೆ.

ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ಅಲ್ಲಿ ‘ವೆಂಟ್’ ಎಂದರೆ ಮಾತು ಮುಗಿಯಿತು. ‘ಹ್ಯಾಡ್ ಗಾನ್’ ಎಂದರೆ ಕೇಳುವವನು ಕಾಯುತ್ತಾನೆ. ಯಾವುದಕ್ಕಿಂತ ಮೊದಲು ಹೋದದ್ದು? ಆಮೇಲೆ ಏನಾಯಿತು? ಹ್ಯಾಡ್‌ಗೆ ಇನ್ನೊಂದು ಘಟನೆಯ ಜೊತೆ ಬೇಕು. ‘ಐ ಹ್ಯಾಡ್ ಸೆಂಟ್ ದ ಫೈಲ್’ ಎಂದು ಬರೆದರೆ ಲಂಡನ್ನಿನ ಸಹೋದ್ಯೋಗಿಗೆ, ಕಳಿಸಿದ ಮೇಲೆ ಏನೋ ಎಡವಟ್ಟಾಗಿರಬೇಕು ಎಂಬ ಅನುಮಾನ ಹುಟ್ಟಬಹುದು. ಎರಡು ಭಾಷೆಯಲ್ಲೂ ಕೇಳುಗ ಕಾಯುತ್ತಾನೆ, ಆದರೆ ಒಬ್ಬ ಕಾಯುವ ಕಡೆ ಇನ್ನೊಬ್ಬನಿಗೆ ಮಾತು ಮುಗಿದಿರುತ್ತದೆ.

ಶಾಲೆಯ ವ್ಯಾಕರಣ ಪಾಠ ಈ ವ್ಯತ್ಯಾಸವನ್ನು ಹೇಳಿಕೊಡುವುದೇ ಇಲ್ಲ. ನಾವೆಲ್ಲ ಉರುಹೊಡೆದ ಉದಾಹರಣೆ ಒಂದೇ: ಡಾಕ್ಟರು ಬರುವ ಮೊದಲೇ ರೋಗಿ ಸತ್ತಿದ್ದ. ಇದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ತಕರಾರೇ ಇಲ್ಲ, ಎರಡರಲ್ಲೂ ‘ಸತ್ತಿದ್ದ’ನೇ. ಹಾಗಾಗಿ ‘ಇದ್ದ’ ಬಂದಲ್ಲೆಲ್ಲ ಹ್ಯಾಡ್ ಹಾಕಬಹುದು ಎಂದು ಹುಡುಗ ತಿಳಿಯುತ್ತಾನೆ, ಪೂರ್ತಿ ಅಂಕವೂ ಬರುತ್ತದೆ. ಹಿಂದಿಯವರಿಗೂ ‘ಗಯಾ ಥಾ’ ಇರುವುದರಿಂದ ಈ ಹ್ಯಾಡ್ ನಮ್ಮೊಬ್ಬರದಲ್ಲ, ದೇಶದ ತುಂಬ ಓಡಾಡುತ್ತದೆ.

ಹ್ಯಾಡ್‌ನ ಮೂಲ ಕಸುಬು ಬೇರೆಯೇ. ಅದು ಒಡೆತನದ ಮಾತು: ಮನೆಯಿತ್ತು, ಹಣವಿತ್ತು. ‘ಬರೆದ ಕಾಗದ ನನ್ನಲ್ಲಿದೆ’ ಎನ್ನುವಂಥ ಬಳಕೆಯಿಂದ ‘ಬರೆದಿದ್ದೇನೆ’ ಎಂಬ ಅರ್ಥಕ್ಕೆ ಅದು ನಿಧಾನವಾಗಿ ಸರಿಯಿತು. ಒಡೆತನಕ್ಕೆಂದೇ ಅಂಥ ಕ್ರಿಯಾಪದ ಕನ್ನಡಕ್ಕೆ ಬೇಕಾಗಿಲ್ಲ. ದುಡ್ಡಿಗೂ ನೆಂಟರಿಗೂ ಮುಗಿದ ಕೆಲಸಕ್ಕೂ ‘ಇರು’ ಒಂದೇ ಸಾಕು. ಹಳೆಯ ಇಂಗ್ಲಿಷರೂ ಹೋಗುವ ಬರುವ ಮಾತಿಗೆ ನಮ್ಮ ಹಾಗೆಯೇ ‘ಇರು’ವನ್ನು ಬಳಸುತ್ತಿದ್ದರು. 1611ರ ಬೈಬಲ್ ಅನುವಾದದಲ್ಲಿ ‘ವಾಸ್ ಕಮ್’ ಎಂಬ ರೂಪ ಮತ್ತೆ ಮತ್ತೆ ಬರುತ್ತದೆ. ಬಿಡಿಸಿದರೆ ಬಂದು ಇದ್ದ, ಬಂದಿದ್ದ. ಆಮೇಲೆ ಹ್ಯಾಡ್ ಆ ಜಾಗವನ್ನೂ ಕಬಳಿಸಿತು.

ಸ್ವಂತ ಅನುಭವ ಹೇಳುವಾಗ ಹ್ಯಾಡ್ ಬೇಕೇ ಬೇಕಾದ ಜಾಗಗಳೂ ಇವೆ. ‘ಅಲ್ಲಿಯವರೆಗೆ ಕಡಲನ್ನೇ ನೋಡಿರಲಿಲ್ಲ’ ಎನ್ನುವುದು ಅಂಥದ್ದು. ‘ನೋಡಲಿಲ್ಲ’ ಎಂದರೆ ಆ ಒಂದು ದಿನದ ಸಂಗತಿ, ‘ನೋಡಿರಲಿಲ್ಲ’ ಎಂದರೆ ಅದುವರೆಗಿನ ಬದುಕಿನದು. ಇನ್ನೊಂದು, ಹಿರಿಯರ ಬಾಯಿಯ ‘ನಾನು ಆಗಲೇ ಹೇಳಿದ್ದೆ’. ‘ಹೇಳಿದೆ’ ಬರೀ ಸುದ್ದಿ, ‘ಹೇಳಿದ್ದೆ’ ಆಕ್ಷೇಪಣೆ. ಒಂದು ಒತ್ತಕ್ಷರದಲ್ಲಿ ಎಷ್ಟು ಮೂದಲಿಕೆ! ಅನಾಹುತ ಕಣ್ಣೆದುರೇ ಬಿದ್ದಿರುವುದರಿಂದ ಜೊತೆಯ ಘಟನೆಗೆ ಹುಡುಕಬೇಕಾಗಿಲ್ಲ, ಇಂಗ್ಲಿಷಿನ ಹ್ಯಾಡ್ ಕೂಡ ಇಲ್ಲಿ ತಕರಾರಿಲ್ಲದೆ ನಿಲ್ಲುತ್ತದೆ.

ಕಥೆ ಹೇಳುವ ಕ್ರಮದಲ್ಲೂ ಒಂದು ಸಾಮ್ಯವಿದೆ. ‘ಒಮ್ಮೆ ಹಂಪಿಗೆ ಹೋಗಿದ್ದೆ’ ಎಂದು ಶುರುಮಾಡಿ, ‘ಒಬ್ಬ ಮುದುಕ ಸಿಕ್ಕಿದ, ಮಾತಾಡಿದ, ನೀರು ಕೊಟ್ಟ’ ಎಂದು ಸಾದಾ ಭೂತಕಾಲಕ್ಕೆ ಇಳಿಯುತ್ತೇವೆ. ಇಂಗ್ಲಿಷಿನ ನುರಿತ ಲೇಖಕರೂ ನೆನಪಿಗೆ ಜಾರುವಾಗ ಒಂದೆರಡು ವಾಕ್ಯಕ್ಕೆ ಹ್ಯಾಡ್ ಹಾಕಿ, ಆಮೇಲೆ ಕೈಬಿಡುತ್ತಾರೆ. ಆದರೆ ಅವರು ಜಾರುವುದು ಆಗಲೇ ನಡೆಯುತ್ತಿರುವ ಒಂದು ಕಥೆಯೊಳಗಿಂದ. ನಾವು ಕಥೆಯ ಬಾಗಿಲಲ್ಲೇ ‘ಇದ್ದೆ’ ಎನ್ನುತ್ತೇವೆ.

ಆದ್ದರಿಂದ ಇಂಗ್ಲಿಷಿನಲ್ಲಿ ಅನುಭವ ಬರೆಯಲು ಕೂತವರು ಹ್ಯಾಡ್ ಕಂಡರೆ ಹೆದರಬೇಕಾಗಿಲ್ಲ, ಅದನ್ನು ಒಂದು ಪ್ರಶ್ನೆ ಕೇಳಿದರಾಯಿತು: ಯಾವುದಕ್ಕಿಂತ ಮೊದಲು? ಅಕ್ಕಪಕ್ಕದಲ್ಲಿ ಉತ್ತರವಿದ್ದರೆ ಹ್ಯಾಡ್ ಇರಲಿ. ಇಲ್ಲವಾದರೆ ‘ವೆಂಟ್’ ಎಂದೇ ಹೋಗಿಬನ್ನಿ.