ಕಾರಿನ ಮೈಬಣ್ಣದ ಕಾವಲು

ಮೋಟಾರು ಕಾರಿನ ಬಣ್ಣವನ್ನು ಬಿಸಿಲು, ಮಳೆ, ಧೂಳುಗಳಿಂದ ಕಾಯುವುದಕ್ಕೆಂದು ಅದರ ಮೇಲೆ ಬಳಿಯುತ್ತ ಬಂದಿರುವ ಮೇಣ, ಪಾಲಿಷ್, ಸೀಲೆಂಟ್‌ಗಳಿಗೆ ಸ್ವತಂತ್ರವಾದ ಚರಿತ್ರೆಯಿಲ್ಲ; ಕಾರಿನ ಬಣ್ಣ ಯಾವ ವಸ್ತುವಿನಿಂದ ತಯಾರಾಗುತ್ತಿತ್ತು, ಅದು ಯಾವ ಬಗೆಯಲ್ಲಿ ಕೆಡುತ್ತಿತ್ತು ಎಂಬುದರ ಬೆನ್ನಿಗೇ ಅವು ನಡೆದು ಬಂದಿವೆ. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಎಣ್ಣೆಬಣ್ಣ, ನೈಟ್ರೋಸೆಲ್ಯುಲೋಸ್ ಲ್ಯಾಕರ್, ಆಲ್ಕಿಡ್ ಮತ್ತು ಅಕ್ರಿಲಿಕ್ ಎನಾಮೆಲ್, ಕ್ಲಿಯರ್ ಕೋಟ್ ಎಂದು ಬಣ್ಣದ ಸ್ವರೂಪ ಬದಲಾದಾಗಲೆಲ್ಲ, ಬಾಳಿಕೆ ಬರುವ ಪಾಲಿಷ್ ಯಾವುದು ಎಂಬ ಪ್ರಶ್ನೆಯ ಅರ್ಥವೂ ಬದಲಾಗಿದೆ. ಇದನ್ನು ಅರಿಯಲು ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಪಾಲಿಷ್ ಎಂಬುದು ನುಣ್ಣನೆಯ ಉಜ್ಜುಪುಡಿಯಿಂದ ಮೇಲ್ಮೈಯ ಕೆಟ್ಟ ಭಾಗವನ್ನು ಸವೆಸಿ ತೆಗೆಯುವ ವಸ್ತು. ಸೀಲೆಂಟ್ ಎಂಬುದು ಆ ಮೇಲ್ಮೈಗೆ ಅಂಟಿ ನಿಲ್ಲುವ ತೆಳುಪದರವೊಂದನ್ನು ಸೇರಿಸುವ ವಸ್ತು. ಒಂದು ಕಳೆಯುತ್ತದೆ, ಇನ್ನೊಂದು ಕೂಡಿಸುತ್ತದೆ. ಈ ಎರಡು ವಿರುದ್ಧ ಕೆಲಸಗಳು ಬಹುಕಾಲ ಒಂದೇ ಡಬ್ಬಿಯಲ್ಲಿ ಮಾರಾಟವಾದದ್ದೂ, ಕೊನೆಗೆ ಬೇರೆಯಾದದ್ದೂ ಬಣ್ಣದ ಬದಲಾವಣೆಯಿಂದಲೇ.

ಮೊದಮೊದಲ ಕಾರುಗಳಿಗೆ ಬಣ್ಣ ಹಚ್ಚಿದವರು ಯುರೋಪು ಮತ್ತು ಅಮೆರಿಕದ ಸಾರೋಟು ಕಟ್ಟುವ ಕುಶಲಕರ್ಮಿಗಳು. ಅವರ ಬಂಧಕವಸ್ತು, ಎಂದರೆ ಬಣ್ಣದ ಪುಡಿಯನ್ನು ಹಿಡಿದಿಟ್ಟು ಗಟ್ಟಿಯಾಗುವ ದ್ರವ, ಅಗಸೆ ಎಣ್ಣೆಯಾಗಿತ್ತು. ಆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಒಂದು ಪದರ ಒಣಗಿದ ಮೇಲಷ್ಟೇ ಮುಂದಿನದನ್ನು ಕುಂಚದಿಂದ ಬಳಿದು, ಪ್ಯೂಮಿಸ್ ಕಲ್ಲು ಮತ್ತು ನೀರಿನಿಂದ ತಿಕ್ಕಿ ಸಮಮಾಡಿ, ಕೊನೆಗೆ ಧೂಳು ಬಾರದ ಕೋಣೆಯಲ್ಲಿ ಮೆರುಗೆಣ್ಣೆಯನ್ನು, ಎಂದರೆ ವಾರ್ನಿಷನ್ನು, ಹಚ್ಚಬೇಕಾಗಿತ್ತು. ಒಂದು ಗಾಡಿ ಬಣ್ಣದ ಮನೆಯಿಂದ ಹೊರಬರಲು ವಾರಗಳೇ ಹಿಡಿಯುತ್ತಿದ್ದವು. ಇಷ್ಟು ಶ್ರಮದ ವಾರ್ನಿಷನ್ನು ಕಾಯುವ ಬಗೆಯಾದರೂ ಏನನ್ನೂ ಬಳಿಯುವುದಾಗಿರಲಿಲ್ಲ, ದೂರವಿಡುವುದಾಗಿತ್ತು: ಕುದುರೆಲಾಯದಿಂದ ಏಳುವ ಅಮೋನಿಯಾ ವಾರ್ನಿಷನ್ನು ಕೆಡಿಸುತ್ತದೆಂದು ಸಾರೋಟಿನ ಕೊಟ್ಟಿಗೆಯನ್ನು ಲಾಯದಿಂದ ಪ್ರತ್ಯೇಕಿಸುತ್ತಿದ್ದರು, ತಣ್ಣೀರಿನಿಂದ ಕೆಸರು ತೊಳೆದು ಮೆದುಚರ್ಮದಿಂದ ಒರೆಸುತ್ತಿದ್ದರು. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬಂದದ್ದರ ಹಿಂದೆಯೂ ಒಣಗುವ ಹೊತ್ತಿನ ಲೆಕ್ಕಾಚಾರವಿತ್ತು. ಡಾಂಬರಿನ ಜಾತಿಯ ಖನಿಜವನ್ನು ಎಣ್ಣೆಯಲ್ಲಿ ಬೆರೆಸಿ ಒಲೆಯಲ್ಲಿ ಬೇಯಿಸಿದ ಕಪ್ಪು ಎನಾಮೆಲ್ ಅಗ್ಗವಾಗಿತ್ತು, ಬೇಗ ಗಟ್ಟಿಯಾಗುತ್ತಿತ್ತು.

ಹೊಳಪಿನ ವಸ್ತುವೊಂದು ಅದಕ್ಕೆ ಹೊಂದುವ ತಳದ ಮೇಲೆ ಮಾತ್ರ ಬಾಳುತ್ತದೆ ಎಂಬುದಕ್ಕೆ ಭಾರತದ ಅರಗು ಒಳ್ಳೆಯ ನಿದರ್ಶನ. ಮುತ್ತುಗ ಮೊದಲಾದ ಮರಗಳ ರೆಂಬೆಗಳಲ್ಲಿ ಕೀಟವೊಂದು ಸ್ರವಿಸುವ ಈ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ ಫ್ರೆಂಚ್ ಪಾಲಿಷ್ ಪೀಠೋಪಕರಣಗಳ ಮೇಲೆ ತಲೆಮಾರುಗಳ ಕಾಲ ಹೊಳೆಯುತ್ತದೆ. ಚನ್ನಪಟ್ಟಣದ ಬಣ್ಣದ ಬೊಂಬೆಗಳ ನುಣುಪೂ ಅರಗಿನದೇ. ಮೈಸೂರು ಸಂಸ್ಥಾನದ ಅರಣ್ಯದ ಅರಗನ್ನು ಕೈಗಾರಿಕೆಗೆ ಬಳಸುವ ಉದ್ದೇಶದಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಸ್ಥಾಪನೆಯಾಯಿತು; 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವ ಕಾರ್ಖಾನೆ ಇದೇ. ಆದರೆ ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆದುವಾಗುತ್ತದೆ, ನೀರು ನಿಂತ ಕಡೆ ಬೆಳ್ಳಗಾಗುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಕಪ್ಪು ಕಾರಿನ ಛಾವಣಿ 70 ಡಿಗ್ರಿಯ ಆಸುಪಾಸಿಗೆ ಏರಬಲ್ಲದಾದ್ದರಿಂದ, ಮನೆಯೊಳಗೆ ಸಾಟಿಯಿಲ್ಲದ ಈ ವಸ್ತುವಿಗೆ ಕಾರಿನ ಹೊರಮೈಯಲ್ಲಿ ಸ್ಥಾನ ದೊರೆಯಲಿಲ್ಲ.

ಕಾರಿಗೆ ನಿಯಮಿತವಾಗಿ ಪಾಲಿಷ್ ಹಾಕುವ ರೂಢಿ ಬೇರೂರಿದ್ದು 1923ರಲ್ಲಿ ಬಳಕೆಗೆ ಬಂದ ಹೊಸ ಬಣ್ಣದಿಂದ. ಅಮೆರಿಕದ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ಲ್ಯಾಕರನ್ನು ಆ ವರ್ಷ ಜನರಲ್ ಮೋಟಾರ್ಸ್ ತನ್ನ ಓಕ್ಲೆಂಡ್ ಕಾರಿಗೆ ಬಳಸಿತು. ಲ್ಯಾಕರ್ ಎಂದರೆ ದ್ರಾವಕ ಆರಿಹೋದೊಡನೆ ಒಣಗುವ ಬಣ್ಣ. ಮೊದಲ ಮಹಾಯುದ್ಧದ ಸಿಡಿಮದ್ದಿಗೆ ಬೇಕಾಗಿದ್ದ ನೈಟ್ರೋಸೆಲ್ಯುಲೋಸ್‌ನ ಸೋದರ ರೂಪವೇ ಇದರ ಬಂಧಕ. ವಾರಗಳ ಕೆಲಸ ಇದರಿಂದ ಗಂಟೆಗಳಿಗೆ ಇಳಿಯಿತಾದರೂ ಸ್ಪ್ರೇ ಗನ್ನಿನಿಂದ ಬಿದ್ದ ಲ್ಯಾಕರ್ ಮಂಕಾಗಿರುತ್ತಿತ್ತು; ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದ ಮೇಲಷ್ಟೇ ಅದಕ್ಕೆ ಹೊಳಪು ಬರುತ್ತಿತ್ತು. ಎಂದರೆ ಪಾಲಿಷ್ ಎಂಬುದು ಆ ಬಣ್ಣಕ್ಕೆ ಆರೈಕೆಯಾಗುವ ಮೊದಲು ಅದರ ತಯಾರಿಕೆಯ ಕೊನೆಯ ಹಂತವಾಗಿತ್ತು.

ರಸ್ತೆಗಿಳಿದ ಮೇಲೆ ಈ ಲ್ಯಾಕರ್ ಕೆಡುತ್ತಿದ್ದ ಬಗೆಯೂ ಪಾಲಿಷನ್ನೇ ಬೇಡುತ್ತಿತ್ತು. ಸೂರ್ಯನ ಅತಿನೇರಳೆ ಕಿರಣಗಳು ಮೇಲ್ಪದರದ ಬಂಧಕವನ್ನು ಒಡೆದಾಗ ಅದು ಹಿಡಿದಿಟ್ಟ ಬಣ್ಣದ ಪುಡಿ ಸಡಿಲವಾಗಿ ಸುಣ್ಣದಂತೆ ಮೇಲೆ ಕೂರುತ್ತದೆ. ಅಂಥ ಕೆಂಪು ಕಾರನ್ನು ಬಿಳಿಯ ಬಟ್ಟೆಯಿಂದ ಉಜ್ಜಿದರೆ ಬಟ್ಟೆಯೂ ಕೆಂಪಾಗುತ್ತದೆ, ಉಜ್ಜಿದ ಜಾಗದಲ್ಲಿ ಕೆಡದ ಬಣ್ಣ ಮತ್ತೆ ಹೊಳೆಯುತ್ತದೆ. ಹೊಳಪು ಮರಳಿತೆಂದು ಕಂಡರೂ ನಡೆದದ್ದು ಬಣ್ಣದ ನಷ್ಟ. 1910ರ ಸುಮಾರಿಗೆ ಚಿಕಾಗೋದಲ್ಲಿ ಹುಟ್ಟಿದ ಸೈಮನೈಜ್ ಕಂಪನಿ ಈ ಕೆಲಸವನ್ನು ಎರಡು ಡಬ್ಬಿಗಳಲ್ಲಿ ಮಾರಿತು: ಮೊದಲನೆಯದರಿಂದ ಕೆಟ್ಟ ಪದರವನ್ನು ತೆಗೆಯುವುದು, ಎರಡನೆಯದರ ಗಟ್ಟಿ ಮೇಣದಿಂದ ಉಳಿದದ್ದನ್ನು ಮುಚ್ಚುವುದು. ಈ ವಿಂಗಡಣೆ ಸರಿಯಾದದ್ದೇ ಆಗಿದ್ದರೂ ತೋಳು ಸೋಲುವಷ್ಟು ದುಡಿಮೆಯನ್ನು ಬೇಡುತ್ತಿತ್ತು; ಆದ್ದರಿಂದ ಮುಂದಿನ ದಶಕಗಳಲ್ಲಿ ಸವೆಸುವ ಪುಡಿಯನ್ನೂ ಮುಚ್ಚುವ ಮೇಣವನ್ನೂ ಒಂದೇ ಸೀಸೆಯಲ್ಲಿ ಬೆರೆಸಿದ ದ್ರವಗಳು ಜನಪ್ರಿಯವಾದವು. ಚಿಕಾಗೋದಲ್ಲೇ ಬೆನ್ ಹಿರ್ಶ್ 1940ರ ದಶಕದಲ್ಲಿ ಮಾರತೊಡಗಿದ ಪ್ಲಾಸ್ಟೋನ್ ಎಂಬ ದ್ರವಮೇಣ ಮುಂದೆ ಟರ್ಟಲ್ ವ್ಯಾಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಈ ಯುಗದ ಮುಖ್ಯ ಕಚ್ಚಾವಸ್ತು ಕಾರ್ನೌಬಾ ಮೇಣ. ಬ್ರೆಜಿಲ್‌ನ ಈಶಾನ್ಯ ಭಾಗದ ಸಿಯಾರಾ, ಪಿಯಾವಿ, ರಿಯೊ ಗ್ರಾಂಡೆ ದೊ ನಾರ್ಟೆ ರಾಜ್ಯಗಳ ಒಣನೆಲದಲ್ಲಿ ಬೆಳೆಯುವ ತಾಳೆಯ ಜಾತಿಯ ಮರವೊಂದು ತನ್ನೊಳಗಿನ ನೀರು ಆವಿಯಾಗದಂತೆ ಎಲೆಗಳ ಮೇಲೆ ಮೇಣವನ್ನು ಹೊದೆದುಕೊಳ್ಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಕೂಲಿಗಳು ಉದ್ದನೆಯ ಗಳುವಿನ ತುದಿಗೆ ಕಟ್ಟಿದ ಕುಡುಗೋಲಿನಿಂದ ಬೀಸಣಿಗೆಯಾಕಾರದ ಎಲೆಗಳನ್ನು ಕೊಯ್ದು, ಬಿಸಿಲಿನಲ್ಲಿ ಹರವಿ, ಒಣಗಿದ ಮೇಲೆ ಬಡಿಯುತ್ತಾರೆ. ಉದುರಿದ ಪುಡಿಯನ್ನು ಕರಗಿಸಿ ಸೋಸಿದರೆ ಪಟ್ಟನೆ ಮುರಿಯುವ ಗಟ್ಟಿ ಹೆಂಟೆಗಳು ದೊರೆಯುತ್ತವೆ. ಇನ್ನೂ ಬಿಚ್ಚಿಕೊಳ್ಳದ ಎಳೆಯ ಎಲೆಗಳಿಂದ ಬಂದ ಹಳದಿ ಮೇಣ ಶ್ರೇಷ್ಠವೆನಿಸುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲೇ ಕರಗಿದರೆ ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಕಾದ ಲೋಹದ ಮೇಲೆ ಇದು ನಿಲ್ಲುವುದಕ್ಕೆ ಕಾರಣ ಈ ಅಂತರ. ಅಮೆರಿಕದ ರೇಸೀನ್ ಪಟ್ಟಣದಲ್ಲಿ ನೆಲದ ಮೇಣವನ್ನು ತಯಾರಿಸುತ್ತಿದ್ದ ಎಸ್. ಸಿ. ಜಾನ್ಸನ್ ಕಂಪನಿಯ ಮುಖ್ಯಸ್ಥ ಹರ್ಬರ್ಟ್ ಜಾನ್ಸನ್ 1935ರಲ್ಲಿ ಸಿಕೋರ್ಸ್ಕಿ ವಿಮಾನವೊಂದರಲ್ಲಿ ಬ್ರೆಜಿಲ್‌ಗೆ ಹೋಗಿ ಈ ಮರಗಳನ್ನು ಕುರಿತು ಅಧ್ಯಯನ ನಡೆಸಿದ್ದು ಆಗಿನ ಉದ್ಯಮಕ್ಕೆ ಆ ಮೇಣ ಎಷ್ಟು ಅನಿವಾರ್ಯವಾಗಿತ್ತೆಂಬುದನ್ನು ತೋರಿಸುತ್ತದೆ. ಆದರೂ ಡಬ್ಬಿಯಲ್ಲಿ ಇರುತ್ತಿದ್ದುದು ಶುದ್ಧ ಕಾರ್ನೌಬಾ ಅಲ್ಲ. ಕಲ್ಲಿನಂಥ ಆ ಮೇಣವನ್ನು ಟರ್ಪೆಂಟೈನ್ ಮೊದಲಾದ ದ್ರಾವಕಗಳೊಡನೆ, ಮೆದು ಮೇಣಗಳೊಡನೆ ಬೆರೆಸದೆ ಹರಡಲಾಗುವುದಿಲ್ಲ. ಬಣ್ಣದೊಡನೆ ರಾಸಾಯನಿಕ ಬಂಧವೇನೂ ಇಲ್ಲದೆ ಕೇವಲ ಕುಳಿತಿರುವ ಈ ಪದರ ಕೆಲವು ವಾರಗಳು, ಹೆಚ್ಚೆಂದರೆ ಒಂದೆರಡು ತಿಂಗಳು ಉಳಿಯುತ್ತಿತ್ತು.

ಎರಡನೆಯ ಮಹಾಯುದ್ಧದ ನಂತರ ಮೇಣಕ್ಕೆ ಹೊಸ ಶತ್ರುವಾಗಿ ಬಂದದ್ದು ಬಿಸಿಲಲ್ಲ, ಕೃತಕ ಮಾರ್ಜಕ. ಸಾಬೂನಿಗಿಂತ ತೀಕ್ಷ್ಣವಾದ ಮಾರ್ಜಕಗಳು ಮನೆಗಳಿಗೂ, ಯಂತ್ರದಿಂದ ಕಾರು ತೊಳೆಯುವ ಅಂಗಡಿಗಳಿಗೂ ನುಗ್ಗಿದಾಗ ಕಷ್ಟಪಟ್ಟು ಹಚ್ಚಿದ ಮೇಣ ಬೇಗನೆ ತೊಳೆದುಹೋಗತೊಡಗಿತು. ಇದೇ ಕಾಲದಲ್ಲಿ ಸಿಲಿಕೋನ್ ಮಾರುಕಟ್ಟೆಗೆ ಬಂದಿತು. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳ ಸರಪಳಿಯಿಂದಾದ ಈ ಎಣ್ಣೆ ಬಿಸಿಗೆ ಜಗ್ಗದೆ, ನೀರನ್ನು ಹತ್ತಿರ ಸೇರಿಸದೆ, ಮೇಣವನ್ನು ಸಲೀಸಾಗಿ ಹರಡಿಸುತ್ತಿತ್ತು. ಅರ್ಧ ದಿನದ ತಿಕ್ಕಾಟವನ್ನು ಸಣ್ಣ ಕೆಲಸವಾಗಿಸಿತು. ಆದರೆ ಸಾಧಾರಣ ಸಿಲಿಕೋನ್ ಎಣ್ಣೆಯೂ ಮಾರ್ಜಕಕ್ಕೆ ಸೋಲುತ್ತಿದ್ದುದರಿಂದ, 1960ರ ದಶಕದಲ್ಲಿ ಅದರ ಸರಪಳಿಗೆ ಅಮೈನೊ ಗುಂಪುಗಳನ್ನು ಜೋಡಿಸಿ, ಬಣ್ಣದ ಮೇಲ್ಮೈಯನ್ನು ಹಿಡಿದುಕೊಳ್ಳಬಲ್ಲ ಹೊಸ ಸಿಲಿಕೋನ್‌ಗಳನ್ನು ರೂಪಿಸಲಾಯಿತು. ಇಂದಿನ ಅರ್ಥದ ಸೀಲೆಂಟ್‌ಗೆ ಇದೇ ಬುನಾದಿ: ಪದರದ ಗಟ್ಟಿತನಕ್ಕಿಂತ ಅದು ತಳವನ್ನು ಹಿಡಿದುಕೊಳ್ಳುವ ಶಕ್ತಿ ಮುಖ್ಯವೆಂಬ ತಿಳಿವಳಿಕೆ ಇಲ್ಲಿಂದ ಮೊದಲಾಯಿತು. ಈ ಲಾಭಕ್ಕೆ ಬೆಲೆಯೂ ಇತ್ತು. ಸಿಲಿಕೋನ್ ಉಳಿದ ಮೈಗೆ ಮತ್ತೆ ಬಣ್ಣ ಹೊಡೆದರೆ ಅದು ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಸರಿದು ಗುಳಿಬೀಳುವುದರಿಂದ, ಪೇಂಟಿಂಗ್ ಶೆಡ್ಡುಗಳಲ್ಲಿ ಸಿಲಿಕೋನ್ ಇಂದಿಗೂ ಅನುಮಾನಕ್ಕೆ ಗುರಿಯಾದ ವಸ್ತು.

ಈ ವ್ಯಾಪಾರದಲ್ಲಿ ಹೆಸರಿನ ಬಲದಿಂದ ನಡೆದ ಮಾರಾಟಕ್ಕೂ ಕೊರತೆಯಿಲ್ಲ. 1938ರಲ್ಲಿ ಡ್ಯೂಪಾಂಟ್‌ನ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ, ಟೆಫ್ಲಾನ್ ಎಂದು ಪ್ರಸಿದ್ಧವಾದ ಪಿಟಿಎಫ್‌ಇ ಎಂಬ ವಸ್ತುವನ್ನು ಬೆರೆಸಿದ ಪಾಲಿಷ್‌ಗಳು ಮುಂದೆ ದೀರ್ಘಕಾಲದ ರಕ್ಷಣೆಯ ಭರವಸೆಯೊಡನೆ ಮಾರಾಟವಾದವು. ಬಾಣಲೆಗೆ ಪಿಟಿಎಫ್‌ಇ ಪದರವನ್ನು ಕೂರಿಸಬೇಕಾದರೆ ಅದರ ಕಣಗಳು ಒಂದಾಗುವಂತೆ 327 ಡಿಗ್ರಿಯ ಕರಗುಬಿಂದುವನ್ನು ಮೀರಿ ಕಾಯಿಸಬೇಕು; ಕಾರಿನ ಬಣ್ಣ ಆ ಶಾಖದಲ್ಲಿ ಉಳಿಯುವುದೇ ಇಲ್ಲ. ಯಾವುದಕ್ಕೂ ಅಂಟದಿರುವುದೇ ಗುಣವಾದ ವಸ್ತು ತಣ್ಣಗಿನ ಬಣ್ಣಕ್ಕೆ ಹೇಗೆ ಅಂಟೀತು ಎಂಬ ಸರಳ ಪ್ರಶ್ನೆಯನ್ನು ಜಾಹೀರಾತು ಮರೆಸಿತು.

ಪಾಲಿಷ್ ಮತ್ತು ಸೀಲೆಂಟ್‌ಗಳನ್ನು ಖಚಿತವಾಗಿ ಬೇರ್ಪಡಿಸಿದ್ದು ಕ್ಲಿಯರ್ ಕೋಟ್. ಮೊದಲು ಯುರೋಪಿನ ಮೆಟಾಲಿಕ್ ಬಣ್ಣಗಳ ಮೇಲೆ ಬಂದು, 1980ರ ದಶಕದಲ್ಲಿ ಅಮೆರಿಕ ಮತ್ತು ಜಪಾನುಗಳಲ್ಲಿ ವ್ಯಾಪಕವಾದ ಈ ಪದ್ಧತಿಯಲ್ಲಿ ಬಣ್ಣದ ಪುಡಿಯೆಲ್ಲ ಕೆಳಪದರದಲ್ಲಿದ್ದು, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರವಿರುತ್ತದೆ. ಇಂಥ ಕಾರನ್ನು ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ, ಆದ್ದರಿಂದ ಎಷ್ಟು ಸವೆಯಿತೆಂಬುದು ಕಣ್ಣಿಗೆ ಬೀಳುವುದೂ ಇಲ್ಲ. ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳು. ಅತಿನೇರಳೆ ಕಿರಣವನ್ನು ಹೀರುವ ರಾಸಾಯನಿಕಗಳು ಅದರಲ್ಲೇ ಸೇರಿರುವುದರಿಂದ, ಬಿರುಸಾದ ಪಾಲಿಷ್ ಪ್ರತಿ ಬಾರಿಯೂ ತೆಗೆಯುವ ಕೆಲವು ಮೈಕ್ರಾನ್‌ಗಳು ಬಣ್ಣದ ಆಯುಸ್ಸಿನಿಂದಲೇ ಕಡಿತವಾಗುತ್ತವೆ. ಲ್ಯಾಕರ್ ಕಾಲದಲ್ಲಿ ನಿಯಮಿತ ಆರೈಕೆಯಾಗಿದ್ದ ರಬ್ಬಿಂಗ್ ಹೀಗೆ ಅಪರೂಪದ ಚಿಕಿತ್ಸೆಯಾಯಿತು. ಸವೆಸದೆ ಕಾಯುವುದು ಮುಖ್ಯವಾಯಿತು.

ಈ ಅಗತ್ಯದ ತುತ್ತತುದಿಯಲ್ಲಿರುವುದು 2000ದ ನಂತರ ಬೆಳೆದ ಸೆರಾಮಿಕ್ ಕೋಟಿಂಗ್. ಇದರಲ್ಲಿರುವ ಸಿಲೇನ್, ಸಿಲಜೇನ್ ಜಾತಿಯ ವಸ್ತುಗಳು ಗಾಳಿಯ ತೇವದೊಡನೆ ವರ್ತಿಸಿ, ಗಾಜಿನ ಸಂಬಂಧಿಯಾದ ಸಿಲಿಕಾ ಜಾಲವಾಗಿ ಗಟ್ಟಿಯಾಗುತ್ತವೆ, ಬಣ್ಣದ ಮೇಲ್ಮೈಯನ್ನು ರಾಸಾಯನಿಕವಾಗಿ ಹಿಡಿಯುತ್ತವೆ. ಮೇಣ ತಿಂಗಳುಗಳಲ್ಲಿ ಹೋದರೆ ಇವು ಸರಿಯಾಗಿ ಹಚ್ಚಿದಾಗ ವರ್ಷಗಳ ಲೆಕ್ಕದಲ್ಲಿ ನಿಲ್ಲುತ್ತವೆ. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 9ಎಚ್ ಎಂಬ ಗುರುತನ್ನು ಎಚ್ಚರದಿಂದ ಓದಬೇಕು. ಅದು ಖನಿಜಗಳ ಗಡಸುತನದ ಮಾನವಲ್ಲ. ಸೀಸದ ಕಡ್ಡಿಗಳ ಮಾನ. ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳನ್ನು 45 ಡಿಗ್ರಿ ಓರೆಯಲ್ಲಿ, ನಿಗದಿತ ಭಾರದೊಡನೆ ಮೇಲ್ಮೈಯ ಮೇಲೆ ತಳ್ಳಿ, ಯಾವುದು ಗೀರು ಬಿಡುತ್ತದೆಂದು ನೋಡುವುದೇ ಆ ಪರೀಕ್ಷೆ. ಅತ್ಯಂತ ಗಟ್ಟಿಯಾದ ಪೆನ್ಸಿಲಿಗೂ ಗೀರಾಗದ ಪದರಕ್ಕೆ ರಸ್ತೆಯ ಮರಳಿನ ಸ್ಫಟಿಕ ಗೀರು ಹಾಕಬಲ್ಲದು.

ನೀರು ಮುತ್ತಿನಂತೆ ಉರುಳುವುದನ್ನು ರಕ್ಷಣೆಯ ಸಾಕ್ಷಿಯೆಂದು ನಂಬುವುದೂ ಇಂಥದೇ ಅರ್ಧಸತ್ಯ. ಎರಡು ದಿನದಲ್ಲಿ ತೊಳೆದುಹೋಗುವ ಸಿಲಿಕೋನ್ ಎಣ್ಣೆಯೂ ಮುತ್ತುಗಳನ್ನು ಕಟ್ಟುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕಾರು ತೊಳೆಯುವ ಬೆಂಗಳೂರಿನಂಥ ಊರುಗಳಲ್ಲಿ ಈ ಮುತ್ತುಗಳೇ ತೊಂದರೆಯ ಮೂಲ: ಒರೆಸದೆ ಬಿಸಿಲಿಗೆ ಬಿಟ್ಟರೆ ಒಂದೊಂದು ಹನಿಯೂ ತನ್ನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಒಂದೇ ಬಿಂದುವಿನಲ್ಲಿ ಬಿಟ್ಟು ಆರುತ್ತದೆ, ಆ ಬಿಳಿಯ ಕಲೆ ಸೆರಾಮಿಕ್ ಪದರವನ್ನೂ ಬಿಡುವುದಿಲ್ಲ.

ಆಯ್ಕೆಯ ಕ್ರಮವನ್ನು ಈ ಚರಿತ್ರೆಯೇ ಸೂಚಿಸುತ್ತದೆ. ಬಟ್ಟೆಗೆ ಬಣ್ಣ ಹತ್ತುವ ಹಳೆಯ ಕಾಲದ ಕಾರಿಗೆ ಹದವಾದ ಪಾಲಿಷ್ ಮತ್ತು ಮೇಣ ಇಂದಿಗೂ ಸಲ್ಲುತ್ತವೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಗೀರುಗಳನ್ನು ಅಗತ್ಯವಿದ್ದಷ್ಟೇ ತೆಗೆದು, ಹಳೆಯ ಮೇಣ ಮತ್ತು ಎಣ್ಣೆಯ ಅಂಶವನ್ನು ಪೂರ್ತಿ ಒರೆಸಿ, ಬಣ್ಣವನ್ನು ನೇರವಾಗಿ ಹಿಡಿಯುವ ಸೀಲೆಂಟನ್ನು ಹಚ್ಚುವುದು ಯುಕ್ತ. ನಡುವೆ ಜಿಡ್ಡು ಉಳಿದರೆ ಅತ್ಯಂತ ದುಬಾರಿಯ ಕೋಟಿಂಗ್ ಕೂಡ ಬಣ್ಣವನ್ನು ಬಿಟ್ಟು ಜಿಡ್ಡನ್ನು ಹಿಡಿದು ಅದರೊಡನೆ ಕಳಚುತ್ತದೆ. ವರ್ಷಕ್ಕೆ ಎರಡು ಮೂರು ಬಾರಿ ಹೊಸದಾಗಿ ಹಚ್ಚಲು ಸಿದ್ಧನಿರುವ ಮಾಲೀಕನಿಗೆ ಮೇಲೆ ಹೇಳಿದ ಅಮೈನೊ ಸಿಲಿಕೋನಿನಂಥ ಪಾಲಿಮರ್ ಸೀಲೆಂಟ್ ಸಾಕು. ಅಷ್ಟು ಬಿಡುವಿಲ್ಲದೆ, ಒಮ್ಮೆಗೆ ಹೆಚ್ಚು ಹಣ ತೆರಬಲ್ಲವನಿಗೆ ಸೆರಾಮಿಕ್ ತಕ್ಕದ್ದು. ನೂರು ವರ್ಷಗಳಲ್ಲಿ ಬದಲಾದ ಎಲ್ಲ ವಸ್ತುಗಳ ವಿಷಯದಲ್ಲೂ ಒಂದು ಮಾತು ಸ್ಥಿರವಾಗಿದೆ: ಹೊಳಪು ಹಚ್ಚಿದ ದಿನವೇ ಕಾಣುತ್ತದೆ, ಬಾಳಿಕೆ ತಳದ ಸಿದ್ಧತೆಯಿಂದ ಮತ್ತು ತೊಳೆಯುವ ರೀತಿಯಿಂದ ತೀರ್ಮಾನವಾಗುತ್ತದೆ, ಅವೆರಡನ್ನೂ ಮಾರುಕಟ್ಟೆ ಒಂದೇ ಗುಣವೆಂಬಂತೆ ಮಾರುತ್ತ ಬಂದಿದೆ.